ಹಳೇ ಮನೆಯ ವೈರಿಂಗ್: ಕೀಳುವ ಮೊದಲು ದೋಷ ಎಲ್ಲಿದೆ ಅಂತ ಹುಡುಕಿ

ಮೈಸೂರಿನ ಹಳೇ ಬಡಾವಣೆಗಳಲ್ಲಿ ರೀವೈರಿಂಗ್ ಮಾತು ಹೆಚ್ಚಾಗಿ ಒಂದೇ ದೂರಿನಿಂದ ಶುರುವಾಗುತ್ತದೆ. ಹೊಸದಾಗಿ ಹಾಕಿಸಿದ ಇಎಲ್‌ಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕತ್ತರಿಸುವ ಪೆಟ್ಟಿಗೆ, ಪದೇ ಪದೇ ಬೀಳುತ್ತಿದೆ (ತಾನೇ ಆಫ್ ಆಗುತ್ತಿದೆ) ಅಂತ. ಈಗ ಅಂಗಡಿಯಲ್ಲಿ ಸಿಗುವುದು ಆರ್‌ಸಿಸಿಬಿ, ಆದರೆ ಮನೆಯವರೂ ಕೆಲಸದವರೂ ಇಎಲ್‌ಸಿಬಿ ಅಂತಲೇ ಕರೆಯುತ್ತಾರೆ. ಅದು ಬೀಳಲು ಶುರುವಾದ ಮೇಲೆ ಎರಡರಲ್ಲಿ ಒಂದು ಆಗುತ್ತದೆ. ಯಾರೋ ಬಂದು ಅದನ್ನು ಬೈಪಾಸ್ ಮಾಡಿ ಹೋಗುತ್ತಾರೆ. ಇಲ್ಲವೇ ಇಡೀ ಮನೆಯ ವೈರ್ ಕಿತ್ತು ಹಾಕಬೇಕು ಅಂತ ಎಸ್ಟಿಮೇಟ್ ಕೊಡುತ್ತಾರೆ. ಎರಡೂ ಅವಸರದ ದಾರಿ.

ಆ ಪೆಟ್ಟಿಗೆ ಮಾಡುವ ಕೆಲಸ ಇಷ್ಟೇ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ನೋಡುತ್ತದೆ. ಮನೆಗೆ ಹಾಕುವ ಪೆಟ್ಟಿಗೆಯಲ್ಲಿ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಲೈನ್ ಕತ್ತರಿಸುತ್ತದೆ. ಹಳೇ ಕಿಟ್‌ಕ್ಯಾಟ್ ಫ್ಯೂಸ್‌ಗೆ ಇಷ್ಟು ಸಣ್ಣ ಸೋರಿಕೆ ಗೊತ್ತೇ ಆಗುವುದಿಲ್ಲ. ಅಂದರೆ ಸೋರಿಕೆ ಎಷ್ಟೋ ವರ್ಷದಿಂದ ಇತ್ತು, ಈಗ ಗೊತ್ತಾಯಿತು. ಆ ಪೆಟ್ಟಿಗೆಯನ್ನು ದಯವಿಟ್ಟು ತೆಗೆಸಬೇಡಿ. ಯಾವ ಲೈನ್, ಯಾವ ಗೋಡೆ, ಯಾವ ಹೊತ್ತಿನಲ್ಲಿ ಅಂತ ಹುಡುಕಿ ಒಂದು ಹಾಳೆಯಲ್ಲಿ ಬರೆದಿಡಿ. ರೀವೈರಿಂಗ್‌ಗೆ ಅದಕ್ಕಿಂತ ಒಳ್ಳೆಯ ಪ್ಲಾನ್ ಯಾರೂ ಹಾಕಿಕೊಡಲಾರರು.

ವೈರ್‌ನ ವಯಸ್ಸು

ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. 1908ರಲ್ಲಿ ಮೈಸೂರಿಗೆ ವಿದ್ಯುತ್ ದೀಪ ಬಂತು. ಇಷ್ಟು ಬೇಗ ಕರೆಂಟ್ ಬಂದ ಊರಾದ್ದರಿಂದ ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಚಾಮುಂಡಿಪುರಂ, ಒಂಟಿಕೊಪ್ಪಲು ಕಡೆ ಒಂದೇ ಮನೆಯಲ್ಲಿ ಮೂರು ತಲೆಮಾರಿನ ವೈರ್ ಸಿಗುತ್ತದೆ. ನಡುಮನೆಯಲ್ಲಿ ಒಂದು ಕಾಲದ್ದು, ಆಮೇಲೆ ಕಟ್ಟಿದ ಮಹಡಿಯಲ್ಲಿ ಇನ್ನೊಂದು, ಬಾತ್‌ರೂಮ್ ಸರಿ ಮಾಡಿಸಿದಾಗ ಎಳೆದದ್ದು ಮತ್ತೊಂದು. ಒಂದೊಂದೂ ಒಂದೊಂದು ರೀತಿ ಕೆಡುತ್ತದೆ.

ತೀರಾ ಹಳೆಯದು ರಬ್ಬರ್ ಹೊದಿಕೆಯ ತಾಮ್ರದ ವೈರ್. ಮೇಲೆ ಹತ್ತಿಯ ನೇಯ್ಗೆ ಇರುತ್ತದೆ, ಒಳಗಿನ ತಾಮ್ರಕ್ಕೆ ತವರ ಬಳಿದಿರುವುದರಿಂದ ಬೆಳ್ಳಗೆ ಕಾಣುತ್ತದೆ. ಅದನ್ನು ನೋಡಿ ಅಲ್ಯೂಮಿನಿಯಂ ಅಂತ ಮೋಸ ಹೋಗಬೇಡಿ, ಚಾಕುವಿನಿಂದ ಸ್ವಲ್ಪ ಕೆರೆದರೆ ಕೆಂಪು ಬಣ್ಣ ಕಾಣುತ್ತದೆ. ಇದರ ಸ್ಥಿತಿ ತಿಳಿಯಲು ಮೇನ್ ಆಫ್ ಮಾಡಿಸಿ, ಸೀಲಿಂಗ್ ದೀಪದ ಮರದ ರೌಂಡ್ ಬ್ಲಾಕ್ ಬಿಚ್ಚಿಸಿ ನೋಡಿ. ಪಟ್ಟಿಯ ಒಳಗೆ ಓಡಿದ ವೈರ್ ಇನ್ನೂ ಮೆತ್ತಗೆ ಇರಬಹುದು. ಆದರೆ ಬ್ಲಾಕ್ ಒಳಗೆ, ಬಲ್ಬಿನ ಬಿಸಿ ತಾಗುತ್ತಿದ್ದ ಒಂದು ಗೇಣು ಜಾಗದಲ್ಲಿ, ಬೆರಳಿನಿಂದ ಬಗ್ಗಿಸಿದರೆ ರಬ್ಬರ್ ಕರಿ ಪುಡಿಯಾಗಿ ಅಂಗೈಗೆ ಉದುರುತ್ತದೆ. ನೇಯ್ಗೆಯ ಬಟ್ಟೆ ಮಾತ್ರ ಉಳಿದಿರುತ್ತದೆ. ಫೇಸ್‌ಗೂ ನ್ಯೂಟ್ರಲ್‌ಗೂ ಮಧ್ಯೆ ಆ ಬಟ್ಟೆಯೇ ಗೋಡೆ. ಇದು ಕಂಡರೆ ಮುಂದಿನ ಪರೀಕ್ಷೆಗೆ ಕಾಯಬೇಡಿ. ಆ ಲೈನ್ ಪೂರ್ತಿ ಬದಲಾಯಿಸುವ ಪಟ್ಟಿಗೆ ಸೇರಿತು ಅಂತ ಬರೆದುಕೊಳ್ಳಿ.

ಆಮೇಲಿನದು ತೇಗದ ಪಟ್ಟಿಯ ಮೇಲೆ ತಗಡಿನ ಕ್ಲಿಪ್ ಹೊಡೆದು ಓಡಿಸಿದ ವೈರ್. ಇದರಲ್ಲಿ ಅಲ್ಯೂಮಿನಿಯಂ ಇದ್ದರೆ ತೊಂದರೆ ಬರುವುದು ಸ್ಕ್ರೂ ಇರುವಲ್ಲಿ. ಅಲ್ಯೂಮಿನಿಯಂ ಒತ್ತಡಕ್ಕೆ ನಿಧಾನವಾಗಿ ಚಪ್ಪಟೆಯಾಗುತ್ತದೆ, ಸ್ಕ್ರೂ ಸಡಿಲವಾಗುತ್ತದೆ, ಬಿಸಿ ಏರುತ್ತದೆ. ತಾಮ್ರದ ಜೊತೆ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಇದ್ದರಂತೂ ಬೆಂಕಿಗೆ ಅಲ್ಲೇ ದಾರಿ.

ನೀವು ಮಾಡಬಹುದಾದದ್ದು, ಮಾಡಬಾರದ್ದು

ಪ್ಲಗ್ ಕೀಳುವುದು, ಸ್ವಿಚ್ ಮತ್ತು ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಹಾಕಿ ತೆಗೆದು ನೋಡುವುದು, ಮೀಟರ್ ನೋಡುವುದು, ಬರೆದಿಡುವುದು ಮನೆಯವರ ಕೆಲಸ. ಎಂಸಿಬಿಗಳೆಲ್ಲ ಕೂರುವ ಡಿಬಿ ಬಾಕ್ಸ್ ಬಿಚ್ಚುವುದು, ನ್ಯೂಟ್ರಲ್ ಕಳಚುವುದು, ಮೆಗ್ಗರ್ (ವೈರ್‌ನ ಹೊದಿಕೆ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಮೀಟರ್) ಹಾಕುವುದು ಲೈಸೆನ್ಸ್ ಇರುವ ಕಂಟ್ರಾಕ್ಟರ್ ಕಡೆಯವರ ಕೆಲಸ. ಕಂಬದಿಂದ ಮೀಟರ್‌ವರೆಗಿನದು ಈ ಭಾಗಕ್ಕೆ ಕರೆಂಟ್ ಕೊಡುವ ಕಂಪನಿ ಸೆಸ್ಕ್‌ಗೆ ಸೇರಿದ್ದು. ಮೀಟರ್ ಸೀಲ್ ಮುಟ್ಟಲೇಬೇಡಿ.

ಹಳೇ ಮನೆಯಲ್ಲಿ ಮೇನ್ ಆಫ್ ಮಾಡಿದ ಮೇಲೂ ಟೆಸ್ಟರ್ ಇಟ್ಟು ನೋಡದೆ ಏನನ್ನೂ ಮುಟ್ಟಬಾರದು. ಪಕ್ಕದ ಭಾಗದಿಂದ ಎಳೆದ ಲೈನ್, ಹಳೇ ಯುಪಿಎಸ್ ಲೈನ್ ಎಲ್ಲಾದರೂ ಇದ್ದೇ ಇರುತ್ತದೆ. ಮೊದಲು ಆ ಟೆಸ್ಟರ್ ಸರಿ ಇದೆಯಾ ಅಂತ ಕರೆಂಟ್ ಇರುವ ಸಾಕೆಟ್‌ನಲ್ಲಿ ನೋಡಿಕೊಂಡಿರಬೇಕು.

ಆರ್‌ಸಿಸಿಬಿ ಬೀಳುತ್ತಿದ್ದರೆ

ಎಲ್ಲ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಗೋಡೆಯಿಂದ ಹೊರಗೆ ಬರಬೇಕು. ನೇರವಾಗಿ ವೈರ್ ಕೊಟ್ಟಿರುವ ಗೀಸರ್, ಸಂಪ್ ಮೋಟರ್‌ಗಳನ್ನು ಅವುಗಳ ಸ್ವಿಚ್‌ನಲ್ಲೇ ಆಫ್ ಮಾಡಿ, ಅನುಮಾನ ಉಳಿದರೆ ವೈರನ್ನೇ ಕಳಚಿಸಿ. ಈಗ ಪೆಟ್ಟಿಗೆ ಬೀಳದೆ ನಿಂತರೆ ದೋಷ ಹೆಚ್ಚಾಗಿ ಉಪಕರಣದಲ್ಲಿರುತ್ತದೆ. ಒಂದೊಂದೇ ಹಾಕುತ್ತಾ ಬನ್ನಿ. ಗೀಸರ್ ಕಾಯಿಲ್, ಹಳೇ ಇಸ್ತ್ರಿ ಪೆಟ್ಟಿಗೆ, ನೀರೊಳಗಿನ ಮೋಟರ್, ಮೊದಲು ಅನುಮಾನಿಸಬೇಕಾದದ್ದು ಇವನ್ನೇ. ಇದು ನಿಮ್ಮ ಅದೃಷ್ಟ ಚೆನ್ನಾಗಿದ್ದರೆ.

ಪ್ಲಗ್ ಎಲ್ಲ ಕಿತ್ತರೂ ಬೀಳುತ್ತಿದ್ದರೆ ದೋಷ ವೈರಿಂಗ್‌ನಲ್ಲಿದೆ. ಎಲ್ಲ ಎಂಸಿಬಿ ಕೆಳಗಿಳಿಸಿ, ಆರ್‌ಸಿಸಿಬಿ ಮೇಲೆತ್ತಿ. ನಿಂತರೆ ಒಂದೊಂದೇ ಎಂಸಿಬಿ ಏರಿಸಿ, ಯಾವುದಕ್ಕೆ ಬೀಳುತ್ತದೆ ಬರೆದುಕೊಳ್ಳಿ. ಇಲ್ಲಿಯವರೆಗೆ ಎಲ್ಲ ಕೆಲಸದವರಿಗೂ ಗೊತ್ತು. ಗಂಟೆಗಟ್ಟಲೆ ಸಮಯ ತಿನ್ನುವುದು ಇದರ ಮುಂದಿನ ಹೆಜ್ಜೆ.

ಎಂಸಿಬಿ ಎಲ್ಲ ಇಳಿಸಿದರೂ ಬೀಳುತ್ತದೆ, ಅಥವಾ ಇಂಥದ್ದೇ ಎಂಸಿಬಿ ಅಂತ ಹೇಳಲು ಆಗುವುದಿಲ್ಲ, ಒಮ್ಮೆ ಅಡುಗೆಮನೆ, ಒಮ್ಮೆ ಹಾಲ್. ಹೀಗಾದರೆ ಫೇಸ್ ಬಿಡಿ, ನ್ಯೂಟ್ರಲ್ ಅನುಮಾನಿಸಿ. ಮನೆಗಳಲ್ಲಿ ಹಾಕುವ ಸಿಂಗಲ್ ಪೋಲ್ ಎಂಸಿಬಿ ಫೇಸ್ ಮಾತ್ರ ಕತ್ತರಿಸುತ್ತದೆ. ನ್ಯೂಟ್ರಲ್‌ಗಳೆಲ್ಲ ಡಿಬಿಯಲ್ಲಿ ಒಂದೇ ಹಿತ್ತಾಳೆ ಪಟ್ಟಿಗೆ ಸೇರಿರುತ್ತವೆ. ಒಂದು ರೂಮಿನ ನ್ಯೂಟ್ರಲ್ ಎಲ್ಲೋ ಒದ್ದೆ ಗೋಡೆಗೋ ಅರ್ಥ್ ವೈರಿಗೋ ತಾಗಿದ್ದರೆ, ಬೇರೆ ರೂಮಿನಲ್ಲಿ ಲೋಡ್ ಹಾಕಿದಾಗ ವಾಪಸ್ ಬರುವ ಕರೆಂಟ್‌ನಲ್ಲಿ ಸ್ವಲ್ಪ ಪಾಲು ಆ ದಾರಿ ಹಿಡಿದು ಭೂಮಿಗೆ ಹೋಗುತ್ತದೆ. ಪೆಟ್ಟಿಗೆ ಬೀಳುತ್ತದೆ. ಮಿಕ್ಸಿ ಹಾಕಿದಾಗ ಬಿತ್ತು ಅಂತ ಮಿಕ್ಸಿಯನ್ನು ಬೈಯುತ್ತೇವೆ. ದೋಷ ಇರುವುದು ಹಿಂದಿನ ಬಚ್ಚಲ ದೀಪದಲ್ಲಿ.

ಇದಕ್ಕೆ ಮೇನ್ ಆಫ್ ಮಾಡಿ, ನ್ಯೂಟ್ರಲ್ ಪಟ್ಟಿಯಿಂದ ವೈರ್‌ಗಳನ್ನು ಒಂದೊಂದಾಗಿ ಕಳಚಿ, ಚೀಟಿ ಅಂಟಿಸಿ, ಪ್ರತಿಯೊಂದಕ್ಕೂ ಅರ್ಥ್‌ಗೂ ನಡುವೆ ಮೆಗ್ಗರ್ ಹಾಕಿಸಬೇಕು. ಬೇರೆ ಅಡ್ಡದಾರಿ ಇಲ್ಲ.

ಭಾಗವಾದ ಮನೆಗಳಲ್ಲಿ ಇದರದೇ ಇನ್ನೊಂದು ರೂಪ ಇದೆ. ಅಣ್ಣತಮ್ಮಂದಿರು ಮೇಲೆ ಕೆಳಗೆ ಹಂಚಿಕೊಂಡು ಎರಡು ಮೀಟರ್ ಹಾಕಿಸಿಕೊಂಡಿರುತ್ತಾರೆ. ಒಳಗಿನ ವೈರಿಂಗ್ ಮಾತ್ರ ಭಾಗವಾಗಿರುವುದಿಲ್ಲ. ಕೃಷ್ಣಮೂರ್ತಿಪುರಂನ ಅಂಥದ್ದೊಂದು ಮನೆಯಲ್ಲಿ ಮಹಡಿಯವರ ದೂರು ಹೀಗಿತ್ತು: "ಕೆಳಗಡೆ ಅತ್ತಿಗೆ ಮೆಟ್ಟಿಲ ದೀಪ ಹಾಕಿದ್ರೆ ಸಾಕು, ಅವರದೂ ಹೋಗುತ್ತೆ, ನಮ್ಮದೂ ಹೋಗುತ್ತೆ." ಕೇಳಿದ ತಕ್ಷಣ ದೋಷ ಅರ್ಧ ಸಿಕ್ಕಂತೆ. ಮೆಟ್ಟಿಲ ದೀಪಕ್ಕೆ ಫೇಸ್ ಕೆಳಗಿನ ಮೀಟರ್‌ನಿಂದ, ನ್ಯೂಟ್ರಲ್ ಮೇಲಿನ ಮನೆಯಿಂದ. ಕೆಳಗಿನ ಆರ್‌ಸಿಸಿಬಿಯಿಂದ ಹೋದ ಕರೆಂಟ್ ವಾಪಸ್ ಬರಲಿಲ್ಲ, ಮೇಲಿನದರಿಂದ ಹೋಗದ ಕರೆಂಟ್ ಅದಕ್ಕೆ ವಾಪಸ್ ಬಂತು. ಎರಡೂ ಬಿದ್ದವು. 9 ವ್ಯಾಟ್ ಎಲ್‌ಇಡಿ ಬಲ್ಬೇ ಸಾಕು, ಅದು 230 ವೋಲ್ಟ್‌ನಲ್ಲಿ ಸುಮಾರು 40 ಮಿಲಿ ಆಂಪಿಯರ್ ಎಳೆಯುತ್ತದೆ. ಇಲ್ಲಿ ವೈರ್ ಕೆಟ್ಟಿಲ್ಲ, ಸೋರಿಕೆಯೂ ಇಲ್ಲ. ಆ ದೀಪಕ್ಕೆ ಫೇಸ್, ನ್ಯೂಟ್ರಲ್ ಎರಡನ್ನೂ ಒಂದೇ ಕಡೆಯಿಂದ ಕೊಟ್ಟರೆ ಮುಗಿಯಿತು. ಇಂಥದ್ದಕ್ಕೆ ಇಡೀ ಮನೆ ಒಡೆಸುವುದು ಅನ್ಯಾಯ ಅಲ್ವಾ?

ಹಾಗಂತ ಹಾಗೇ ಬಿಡುವಂತೆಯೂ ಇಲ್ಲ. ಮಹಡಿಯವರು ತಮ್ಮ ಮೇನ್ ಆಫ್ ಮಾಡಿ ಕೆಲಸ ಮಾಡುತ್ತಿರುವಾಗ ಕೆಳಗೆ ಯಾರಾದರೂ ದೀಪ ಹಾಕಿದರೆ, ಆಫ್ ಆಗಿದೆ ಅಂದುಕೊಂಡ ನ್ಯೂಟ್ರಲ್ ಶಾಕ್ ಹೊಡೆಯುತ್ತದೆ.

ಮಳೆ ಬಂದಾಗ ಮಾತ್ರ ಬೀಳುತ್ತಿದ್ದರೆ

ಮಣ್ಣು ಮತ್ತು ಗಾರೆಯ ದಪ್ಪ ಗೋಡೆ, ಮದ್ರಾಸ್ ತಾರಸಿ, ಮಂಗಳೂರು ಹೆಂಚು. ಇವು ನೀರು ಕುಡಿದರೆ ಬೇಗ ಬಿಡುವುದಿಲ್ಲ. ಮಳೆ ನಿಂತ ಮೇಲೂ ದಿನಗಟ್ಟಲೆ ದೋಷ ಇದ್ದು, ಬಿಸಿಲು ಕಾದ ಮೇಲೆ ತಾನೇ ಮಾಯವಾಗುತ್ತದೆ. ಅದಕ್ಕೇ ಮಾರ್ಚ್‌ನಲ್ಲಿ ಬಂದು ನೋಡಿದವರು "ಎಲ್ಲ ಸರಿ ಇದೆ" ಅಂತ ಹೇಳಿ ಹೋಗುತ್ತಾರೆ. ಅವರು ಹೇಳಿದ್ದು ಸುಳ್ಳಲ್ಲ, ಆ ದಿನದ ಮಟ್ಟಿಗೆ ಸರಿ.

ಮೆಗ್ಗರ್ ಪರೀಕ್ಷೆಯನ್ನು ಅಕ್ಟೋಬರ್ ಮಳೆಯಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಮಾಡಿಸಿ. 500 ವೋಲ್ಟ್‌ನಲ್ಲಿ ನೋಡುವುದು. ಅದಕ್ಕೆ ಮೊದಲು ಬಲ್ಬ್, ಫ್ಯಾನ್ ರೆಗ್ಯುಲೇಟರ್, ಟಿವಿ, ಇನ್ವರ್ಟರ್ ಎಲ್ಲ ಬಿಡಿಸಿರಬೇಕು, ಇಲ್ಲದಿದ್ದರೆ ಅವು ಸುಟ್ಟುಹೋಗಬಹುದು. ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್, ಫೇಸ್–ನ್ಯೂಟ್ರಲ್, ಮೂರನ್ನೂ ಲೈನ್ ಲೈನಿಗೂ ಬರೆಯಿರಿ. 1 ಮೆಗಾ ಓಮ್‌ಗಿಂತ ಕೆಳಗೆ ಬಂದರೆ ಆ ಲೈನ್ ಫೇಲ್.

1 ಮೆಗಾ ಓಮ್ ಅಂದರೆ ಸೋರುವುದು ಕಾಲು ಮಿಲಿ ಆಂಪಿಯರ್‌ಗಿಂತ ಕಡಿಮೆ. ಒಂದೇ ಲೈನಿನಿಂದ ಆರ್‌ಸಿಸಿಬಿ ಬೀಳಬೇಕಾದರೆ ಅದು ಸುಮಾರು ಎಂಟು ಸಾವಿರ ಓಮ್‌ಗೆ ಇಳಿದಿರಬೇಕು. ಒಂದು ಲೈನ್ 50,000 ಓಮ್‌ಗೆ ಇಳಿದಿದ್ದರೆ ಸೋರುವುದು 4.6 ಮಿಲಿ ಆಂಪಿಯರ್. ಅದೊಂದರಿಂದ ಪೆಟ್ಟಿಗೆ ಬೀಳುವುದಿಲ್ಲ. ಅಂಥ ಏಳು ಲೈನ್ ಸೇರಿದರೆ ಬೀಳುತ್ತದೆ. ಹಾಗಾಗಿ ಒಂದು ಲೈನ್ ತೆಗೆದ ಕೂಡಲೇ ಪೆಟ್ಟಿಗೆ ನಿಂತಿತು ಅಂತ ಹುಡುಕಾಟ ನಿಲ್ಲಿಸಬೇಡಿ. ಉಳಿದವೂ ಮುಂದಿನ ಮಳೆಗೆ ಸೇರಿಕೊಳ್ಳುತ್ತವೆ.

ಆರ್‌ಸಿಸಿಬಿಯೇ ಇಲ್ಲದ ಮನೆಗಳಲ್ಲಿ ಇದೇ ಸೋರಿಕೆ ಬಿಲ್ಲಿನಲ್ಲಿ ಕಾಣುತ್ತದೆ. ಅರ್ಧ ಆಂಪಿಯರ್ ಭೂಮಿಗೆ ಸೋರಿದರೆ 115 ವ್ಯಾಟ್, ತಿಂಗಳಿಗೆ ಸುಮಾರು 83 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮಿತಿ ದಾಟುತ್ತಿರುವುದು ಇದರಿಂದಲೇ ಇರಬಹುದು. ಮೇನ್ ಆನ್ ಇಟ್ಟು, ಎಲ್ಲ ಪ್ಲಗ್ ಕಿತ್ತು, ಎಲ್ಲ ಸ್ವಿಚ್ ಆಫ್ ಮಾಡಿ ಮೀಟರ್‌ನ ಕೆಂಪು ದೀಪ ನೋಡಿ. ಅದು ಮಿನುಗುತ್ತಿದ್ದರೆ ಕರೆಂಟ್ ಎಲ್ಲಿಗೋ ಹೋಗುತ್ತಿದೆ.

ದೀಪ ಮಂಕಾಗುವುದು, ಒಮ್ಮೆಲೇ ಪ್ರಖರವಾಗುವುದು

ಮೊದಲು ಪಕ್ಕದ ಮನೆಯವರನ್ನು ಕೇಳಿ. ಅವರಿಗೂ ಹಾಗೇ ಆಗುತ್ತಿದ್ದರೆ 1912ಕ್ಕೆ ಫೋನ್ ಮಾಡಿ, ಅದು ಲೈನಿನ ತೊಂದರೆ. ನಿಮ್ಮ ಮನೆಗೆ ಮಾತ್ರ ಆದರೆ ನ್ಯೂಟ್ರಲ್ ಸಡಿಲವಾಗಿದೆ ಅಂತ ಇಟ್ಟುಕೊಂಡೇ ಹುಡುಕಿ.

ಸಾಕೆಟ್‌ನ ಎರಡು ತೂತಿನಲ್ಲೂ ಟೆಸ್ಟರ್ ಉರಿದರೆ, ಲೈಟ್ ಮಾತ್ರ ಹತ್ತದಿದ್ದರೆ, ನ್ಯೂಟ್ರಲ್ ತುಂಡಾಗಿದೆ. ಹಳೇ ಮೇನ್ ಬೋರ್ಡ್‌ಗಳಲ್ಲಿ ನ್ಯೂಟ್ರಲ್‌ಗೂ ಒಂದು ಫ್ಯೂಸ್ ಇರುತ್ತಿತ್ತು. ಅದು ಹೋದರೆ ಇದೇ ಲಕ್ಷಣ: ಮನೆ ಕತ್ತಲು, ವೈರ್‌ನಲ್ಲಿ ಕರೆಂಟ್ ಇದ್ದೇ ಇದೆ. ಆ ಫ್ಯೂಸ್ ತೆಗೆಸಿ, ನ್ಯೂಟ್ರಲ್‌ಗೆ ನೇರ ಲಿಂಕ್ ಕೊಡಿಸಬೇಕು. ಇದನ್ನು ರೀವೈರಿಂಗ್ ತನಕ ಮುಂದೂಡಬೇಡಿ.

ಮೂರು ಫೇಸ್ ಇರುವ ಮನೆಯಲ್ಲಿ ನ್ಯೂಟ್ರಲ್ ಬಿಟ್ಟರೆ ಒಂದು ಭಾಗಕ್ಕೆ 300 ವೋಲ್ಟ್ ದಾಟಿ ಹೋಗಬಹುದು. ಒಂದು ರೂಮಿನ ದೀಪ ಕಣ್ಣು ಕೋರೈಸುತ್ತಾ ಇನ್ನೊಂದು ಮಂಕಾದರೆ ಯೋಚನೆ ಮಾಡುತ್ತಾ ನಿಲ್ಲಬೇಡಿ, ಮೇನ್ ಇಳಿಸಿ.

ಸ್ವಿಚ್ ಆಫ್ ಮಾಡಿದರೂ ಎಲ್‌ಇಡಿ ಮಿಣಮಿಣ ಅನ್ನುತ್ತಿದ್ದರೆ ಸ್ವಿಚ್ ನ್ಯೂಟ್ರಲ್‌ನಲ್ಲಿ ಇರಬಹುದು. ಆಫ್ ಇದ್ದಾಗಲೂ ಹೋಲ್ಡರ್‌ಗೆ ಫೇಸ್ ಬರುತ್ತಿದೆ ಅಂತ ಅರ್ಥ. ಬಲ್ಬ್ ಬದಲಾಯಿಸಲು ಸ್ಟೂಲ್ ಹತ್ತುವವರಿಗೆ ಇದು ಅಪಾಯ.

ಪ್ಲಗ್ ಬಿಸಿ, ಸುಟ್ಟ ವಾಸನೆ

ಸ್ವಿಚ್ ಬೋರ್ಡ್ ಹತ್ತಿರ ಮೀನಿನಂಥ ವಾಸನೆ ಬಂದರೆ ಒಳಗೆ ಪ್ಲಾಸ್ಟಿಕ್ ಕಾಯುತ್ತಿದೆ. ಅಡುಗೆಯ ವಾಸನೆ ಅಂತ ಸುಮ್ನೆ ಬಿಡಬೇಡಿ.

ಹಳೇ ಮನೆಗೆ ವೈರ್ ಎಳೆದ ಕಾಲಕ್ಕೆ ನಾಲ್ಕು ಬಲ್ಬು, ಒಂದು ರೇಡಿಯೋ, ಅನುಕೂಲ ಇದ್ದವರಿಗೆ ಒಂದು ಫ್ಯಾನ್. ನೀರು ಕಾಯುತ್ತಿದ್ದುದು ಹಂಡೆಯಲ್ಲಿ. ಈಗ ಬೆಳಗ್ಗೆ ಆರರಿಂದ ಎಂಟರೊಳಗೆ ಗೀಸರ್ 2 ಕಿಲೋವ್ಯಾಟ್, ಇಂಡಕ್ಷನ್ ಒಲೆ 2, ಇಸ್ತ್ರಿ 1. ಒಟ್ಟು 5 ಕಿಲೋವ್ಯಾಟ್, ಸುಮಾರು 22 ಆಂಪಿಯರ್. ಹಳೇ 3/22 ವೈರ್ ಅಂದರೆ ಸುಮಾರು 1.2 ಚದರ ಮಿಲಿಮೀಟರ್ ತಾಮ್ರ. ದೀಪಕ್ಕೆ ಸರಿ, ಗೀಸರ್‌ಗೆ ಸಾಲದು. ಮೊದಲಿಗೆ ಫ್ಯೂಸ್ ಹೋಗುತ್ತಿತ್ತು. ಯಾರೋ ದಪ್ಪ ತಾಮ್ರದ ಎಳೆ ಸುತ್ತಿದರು. ಆಮೇಲೆ ಫ್ಯೂಸ್ ಹೋಗಲೇ ಇಲ್ಲ, ಅದರ ಬದಲು ಗೋಡೆಯೊಳಗಿನ ವೈರ್ ಕಾಯತೊಡಗಿತು. ಕಿಟ್‌ಕ್ಯಾಟ್ ಒಳಗೆ ದಪ್ಪ ಎಳೆ ಕಂಡರೆ ಆ ಲೈನಿನ ಕೊನೆಯ ಸಾಕೆಟ್ ಬಿಚ್ಚಿಸಿ. ಹೊದಿಕೆ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲೇ ಉತ್ತರ ಇದೆ.

ಇಲ್ಲಿ ಆರ್‌ಸಿಸಿಬಿ ಸಹಾಯ ಮಾಡುವುದಿಲ್ಲ. ಅದು ಸೋರಿಕೆ ನೋಡುತ್ತದೆ, ಜಾಸ್ತಿ ಲೋಡ್ ನೋಡುವುದಿಲ್ಲ. ಅದಕ್ಕೆ ಎಂಸಿಬಿ ಬೇಕು, ಅದೂ ವೈರ್‌ನ ದಪ್ಪಕ್ಕೆ ತಕ್ಕದ್ದು. ಹಳೇ ಸಣ್ಣ ವೈರ್‌ಗೆ 32 ಆಂಪಿಯರ್ ಎಂಸಿಬಿ ಹಾಕಿಸಿದರೆ ದಪ್ಪ ಎಳೆ ಸುತ್ತಿದ ಫ್ಯೂಸ್‌ಗೂ ಅದಕ್ಕೂ ವ್ಯತ್ಯಾಸ ಇಲ್ಲ.

ಅರ್ಥ್ ನಿಜವಾಗಿ ಇದೆಯಾ

ತುಂಬಾ ಮನೆಗಳಲ್ಲಿ ಅರ್ಥ್ ವೈರನ್ನು ನೀರಿನ ಕಬ್ಬಿಣದ ಪೈಪ್‌ಗೆ ಸುತ್ತಿರುತ್ತಿದ್ದರು. ಆಮೇಲೆ ಪ್ಲಂಬರ್ ಬಂದು ಪೈಪ್ ಕಿತ್ತು ಪ್ಲಾಸ್ಟಿಕ್ ಹಾಕಿದ. ಅವತ್ತೇ ಮನೆಯ ಅರ್ಥ್ ಹೋಯಿತು, ಯಾರಿಗೂ ಗೊತ್ತಾಗಲಿಲ್ಲ. ಮೂರನೇ ತೂತಿನಲ್ಲಿ ಹಸಿರು ವೈರ್ ಇದೆ ಅಂದ ಮಾತ್ರಕ್ಕೆ ಅರ್ಥ್ ಇದೆ ಅಂತಲ್ಲ. ಫ್ರಿಜ್ ಮುಟ್ಟಿದರೆ, ನಲ್ಲಿ ಮುಟ್ಟಿದರೆ ಜುಮ್ ಅನ್ನುವ ಮನೆಗಳಲ್ಲಿ ಮೊದಲು ಇದನ್ನೇ ನೋಡಿ.

ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಮಲ್ಟಿಮೀಟರ್ ಎರಡು ಮೂರು ವೋಲ್ಟ್ ತೋರಿಸಿದರೆ ಪರವಾಗಿಲ್ಲ. ಹತ್ತಾರು ವೋಲ್ಟ್ ಬಂದರೆ ಅರ್ಥ್ ಅಥವಾ ನ್ಯೂಟ್ರಲ್ ಒಂದರಲ್ಲಿ ತೊಂದರೆ ಇದೆ. ಆದರೂ ಖಚಿತವಾಗಲು ಅರ್ಥ್ ಟೆಸ್ಟರ್‌ನಲ್ಲಿ ಅಳೆಸುವುದೇ ಸರಿ. 5 ಓಮ್ ಒಳಗೆ ಬಂದರೆ ಒಳ್ಳೆಯದು. ಫೇಸ್‌ಗೂ ಅರ್ಥ್‌ಗೂ ಬಲ್ಬ್ ಕೊಟ್ಟು ನೋಡುವ ಹಳೇ ಪದ್ಧತಿಯನ್ನು ನೀವಾಗಿ ಮಾಡಬೇಡಿ. ಅರ್ಥ್ ಕೆಟ್ಟಿದ್ದರೆ ಆ ಹೊತ್ತಿಗೆ ಮನೆಯ ಎಲ್ಲ ಉಪಕರಣದ ಮೈಗೂ ಕರೆಂಟ್ ಬರುತ್ತದೆ.

ಮಂಡ್ಯ ಕಡೆ ನಾಲೆ ಹತ್ತಿರದ ಮನೆಗಳಲ್ಲಿ ಮಣ್ಣು ವರ್ಷದ ಬಹುಪಾಲು ತೇವ ಇರುತ್ತದೆ. ಮೈಸೂರಿನ ಗಟ್ಟಿ ನೆಲದಲ್ಲಿ ಬೇಸಿಗೆಗೆ ಅರ್ಥ್ ಗುಂಡಿ ಒಣಗಿ ಅಳತೆ ಏರುತ್ತದೆ. ಅಳತೆ ಏಪ್ರಿಲ್‌ನಲ್ಲೂ ತೆಗೆಸಿ. ಉಪ್ಪು ಇದ್ದಿಲು ಹಾಕಿದ ಹಳೇ ಪೈಪ್ ತುಕ್ಕು ಹಿಡಿದು ಕುತ್ತಿಗೆಯಲ್ಲೇ ತುಂಡಾಗಿರಬಹುದು. ಗುಂಡಿಯ ಮುಚ್ಚಳ ತೆಗೆದು ಕಣ್ಣಾರೆ ನೋಡಿ.

ಹಾಳೆಯಿಂದ ಕೆಲಸಕ್ಕೆ

ಇಷ್ಟಾದ ಮೇಲೆ ಹಾಳೆಯಲ್ಲಿ ಪ್ರತಿ ಲೈನಿನ ಮುಂದೆ ನಾಲ್ಕು ವಿಷಯ ಇರುತ್ತದೆ: ವೈರ್ ಯಾವ ಕಾಲದ್ದು, ಮೆಗ್ಗರ್ ಎಷ್ಟು, ಲೋಡ್ ಎಷ್ಟು, ಅರ್ಥ್ ಇದೆಯೋ ಇಲ್ಲವೋ. ದುಡ್ಡು ಒಟ್ಟಿಗೆ ಇಲ್ಲದಿದ್ದರೆ ಮೊದಲು ಅರ್ಥ್ ಗುಂಡಿ, ಡಿಬಿ, ಆರ್‌ಸಿಸಿಬಿ. ಆಮೇಲೆ ಬಚ್ಚಲು ಮತ್ತು ಅಡುಗೆಮನೆಗೆ ಡಿಬಿಯಿಂದಲೇ ಪ್ರತ್ಯೇಕ ಲೈನ್. ಪುಡಿಯಾಗುವ ರಬ್ಬರ್ ವೈರ್ ಎಲ್ಲಿ ಸಿಕ್ಕಿದರೂ ಅದಕ್ಕೂ ಇವುಗಳ ಸಾಲಿನಲ್ಲೇ ಜಾಗ. ಮೆಗ್ಗರ್‌ನಲ್ಲಿ ಪಾಸಾದ, ಅರ್ಥ್ ವೈರ್ ಇರುವ, ಪಿವಿಸಿ ತಾಮ್ರದ ದೀಪದ ಲೈನ್ ಮುಂದಿನ ವರ್ಷದವರೆಗೆ ಕಾಯಬಹುದು. ಎಲ್ಲ ಒಟ್ಟಿಗೆ ಕೀಳಲೇಬೇಕು ಅನ್ನುವವರಿಗೆ ಈ ಹಾಳೆ ತೋರಿಸಿ, ಲೈನ್ ಲೈನಿಗೂ ಕಾರಣ ಕೇಳಿ.

ಹೊಸ ವೈರ್ ದೀಪ ಫ್ಯಾನ್‌ಗೆ 1.5 ಚದರ ಮಿಲಿಮೀಟರ್, ಸಾಮಾನ್ಯ ಪ್ಲಗ್‌ಗೆ 2.5, ಗೀಸರ್, ಎಸಿ, ಇಂಡಕ್ಷನ್‌ಗೆ 4. ಮೀಟರ್‌ನಿಂದ ಡಿಬಿಗೆ ಬರುವ ವೈರನ್ನು ಒಟ್ಟು ಲೋಡ್ ನೋಡಿ ನಿರ್ಧರಿಸಬೇಕು. ಹಳೇ ಮಂಜೂರಾತಿ ಒಂದೆರಡು ಕಿಲೋವ್ಯಾಟ್ ಇದ್ದರೆ ಕೆಲಸ ಶುರು ಮಾಡುವ ಮೊದಲೇ ಸೆಸ್ಕ್ ಕಚೇರಿಯಲ್ಲಿ ಹೆಚ್ಚುವರಿ ಲೋಡ್‌ಗೆ ಅರ್ಜಿ ಕೊಡಿ.

ಗೋಡೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಮಣ್ಣಿನ ಅಥವಾ ಗಾರೆಯ ಗೋಡೆಯನ್ನು ಅಡ್ಡಡ್ಡ ಕೊರೆಸಬೇಡಿ. ಮೆಷಿನ್ ಇಟ್ಟರೆ ಬೇಕಾದ ಒಂದು ಇಂಚಿನ ಬದಲು ಅರ್ಧ ಅಡಿ ಗಾರೆ ಕಳಚಿ ಬರುತ್ತದೆ. ಮದ್ರಾಸ್ ತಾರಸಿಯ ಒಳಗೆ ಪೈಪ್ ಹೂಳುವ ಪ್ರಶ್ನೆಯೇ ಇಲ್ಲ. ಗೋಡೆಯ ಮೇಲ್ತುದಿಯಲ್ಲಿ, ತೊಲೆಯ ಕೆಳಗೆ, ಪಿವಿಸಿ ಕೇಸಿಂಗ್ ಪಟ್ಟಿ ನೀಟಾಗಿ ಓಡಿಸಿದರೆ ಕಣ್ಣಿಗೂ ಬೇಸರವಿಲ್ಲ, ಮುಂದೆ ದೋಷ ಬಂದರೆ ಬಿಚ್ಚಿ ನೋಡಬಹುದು. ಯುಗಾದಿಗೆ ಸುಣ್ಣ ಬಣ್ಣ ಮಾಡಿಸುವವರು ಜನವರಿ, ಫೆಬ್ರವರಿಯಲ್ಲೇ ಈ ಕೆಲಸ ಮುಗಿಸಿಕೊಳ್ಳಿ. ಗೋಡೆಯೂ ಆಗ ಒಣಗಿರುತ್ತದೆ.

ಕೆಲಸ ಮುಗಿದ ದಿನ ಹಣ ಕೊಡುವ ಮೊದಲು ಪ್ರತಿ ಲೈನಿಗೂ ಮತ್ತೆ ಮೆಗ್ಗರ್ ಹಾಕಿಸಿ, ಹಳೇ ಅಳತೆಯ ಪಕ್ಕದಲ್ಲೇ ಹೊಸದನ್ನು ಬರೆಸಿ. ಪ್ರತಿ ಸಾಕೆಟ್‌ನಲ್ಲೂ ಫೇಸ್ ಬಲಗಡೆ ಇದೆಯಾ, ಅರ್ಥ್ ಡಿಬಿಯವರೆಗೆ ಮುಟ್ಟಿದೆಯಾ ನೋಡಿಸಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಅದು ಪೆಟ್ಟಿಗೆ ಕೆಲಸ ಮಾಡುತ್ತಿದೆ ಅಂತ ಹೇಳುತ್ತದೆ, ಅರ್ಥ್ ಸರಿ ಇದೆ ಅಂತ ಹೇಳುವುದಿಲ್ಲ. ಯಾವ ಎಂಸಿಬಿ ಯಾವ ರೂಮಿನದು ಅಂತ ಡಿಬಿ ಬಾಗಿಲ ಒಳಗೆ ಕನ್ನಡದಲ್ಲಿ ಬರೆದು ಅಂಟಿಸಿ, ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೂ ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ.